ಬೆಕ್ಕು ಮನೆಗೆ ಬಂದ ಬಗೆ: ಒಂದು ಕರಾರಿನ ಚರಿತ್ರೆ

ಚರಿತ್ರೆಯ ಪಾಠವೆಂದರೆ ನಮಗೆ ಕೂಡಲೇ ನೆನಪಾಗುವುದು ರಾಜರು, ಯುದ್ಧಗಳು ಮತ್ತು ಒಪ್ಪಂದಗಳು. ಯಾವ ಇಸವಿಯಲ್ಲಿ ಯಾವ ಎರಡು ದೇಶಗಳ ನಡುವೆ ಯಾವ ಒಪ್ಪಂದವಾಯಿತು ಎಂಬುದನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡುತ್ತೇವೆ. ಆದರೆ ಮನುಷ್ಯ ಒಂದು ಕಾಲದಲ್ಲಿ ಬೆಕ್ಕಿನೊಡನೆಯೂ ಲಿಖಿತ ಒಪ್ಪಂದ ಮಾಡಿಕೊಳ್ಳುತ್ತಿದ್ದನೆಂದರೆ ನಿಮಗೆ ಆಶ್ಚರ್ಯವಾದೀತು. ಚೀನಾ ದೇಶದಲ್ಲಿ ಅಂತಹ ಕರಾರುಪತ್ರದ ಮಾದರಿಗಳು ಪಂಚಾಂಗದ ಪುಸ್ತಕಗಳಲ್ಲಿ ಅಚ್ಚಾಗುತ್ತಿದ್ದವು. ಯೂರೋಪಿನ ವೇಲ್ಸ್ ಪ್ರಾಂತದಲ್ಲಿ ಬೆಕ್ಕಿನ ಬೆಲೆಯನ್ನೂ ಅದಕ್ಕಿರಬೇಕಾದ ಲಕ್ಷಣಗಳನ್ನೂ ಕಾನೂನೇ ನಿಗದಿ ಮಾಡಿತ್ತು. ಜಪಾನಿನಲ್ಲಿ ಬೆಕ್ಕನ್ನು ಹಗ್ಗದಿಂದ ಬಿಚ್ಚಬೇಕೆಂದು ಆಜ್ಞೆ ಹೊರಟಿತ್ತು.

ಮನೆಗೆ ಬೆಕ್ಕನ್ನು ಹೇಗೆ ಆರಿಸಿದರು, ಅದು ಬರುವ ಮೊದಲು ಮನೆಯನ್ನು ಹೇಗೆ ಅಣಿಗೊಳಿಸಿದರು ಎಂಬುದು ಸಣ್ಣ ವಿಷಯವೆಂದು ತೋರಬಹುದು. ಆದರೆ ಒಂದು ಸಮಾಜ ತನಗಿಂತ ದುರ್ಬಲವಾದ ಜೀವಿಯಿಂದ ಏನನ್ನು ಬಯಸಿತು, ಬದಲಿಗೆ ಏನನ್ನು ಕೊಟ್ಟಿತು ಎಂಬ ಲೆಕ್ಕ ಇಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಇಂದು ನಿಮ್ಮಲ್ಲಿ ಹಲವರು ಬೆಕ್ಕಿನ ಮರಿಯೊಂದನ್ನು ಸಾಕುವ ಆಸೆ ಇಟ್ಟುಕೊಂಡಿರಬಹುದು. ಆ ಲೆಕ್ಕವನ್ನು ಒಮ್ಮೆ ನೋಡಿಕೊಂಡರೆ ಮರಿಗೂ ಒಳ್ಳೆಯದು, ನಿಮಗೂ ಒಳ್ಳೆಯದು.

ಕಣಜದ ಬಾಗಿಲಲ್ಲಿ

ಹಸು, ಕುದುರೆಗಳನ್ನು ಮನುಷ್ಯ ಹಿಡಿದು ಪಳಗಿಸಿದ. ಬೆಕ್ಕಿನ ಕಥೆ ಬೇರೆ. ಪಶ್ಚಿಮ ಏಷ್ಯಾದಲ್ಲಿ ಸುಮಾರು 10,000 ವರ್ಷಗಳ ಹಿಂದೆ ಜನ ಒಂದೆಡೆ ನೆಲೆನಿಂತು ಗೋಧಿ, ಬಾರ್ಲಿ ಬೆಳೆಯತೊಡಗಿದರು. ಬೆಳೆದ ಧಾನ್ಯವನ್ನು ಕೂಡಿಟ್ಟರು. ಧಾನ್ಯವಿದ್ದಲ್ಲಿಗೆ ಇಲಿ ಬಂತು, ಇಲಿ ಇದ್ದಲ್ಲಿಗೆ ಕಾಡಿನ ಬೆಕ್ಕು ಬಂತು. ಮನುಷ್ಯ ಅದನ್ನು ಓಡಿಸಲಿಲ್ಲ, ಅಷ್ಟೆ. ಹೀಗೆ ಎರಡೂ ಕಡೆಯವರ ಅನುಕೂಲದಿಂದ ಆರಂಭವಾದ ಸಂಬಂಧ ಇದು. 2007ರಲ್ಲಿ ಪ್ರಕಟವಾದ ತಳಿವಿಜ್ಞಾನದ ಅಧ್ಯಯನವೊಂದು ಇಂದಿನ ಸಾಕುಬೆಕ್ಕುಗಳೆಲ್ಲವೂ ಪಶ್ಚಿಮ ಏಷ್ಯಾ ಮತ್ತು ಉತ್ತರ ಆಫ್ರಿಕಾದ ಕಾಡುಬೆಕ್ಕಿನ ಒಂದೇ ವಂಶದಿಂದ ಬಂದವೆಂದು ತೋರಿಸಿತು.

ಇದಕ್ಕೆ ಒಂದು ಹಳೆಯ ಸಾಕ್ಷಿ ಸೈಪ್ರಸ್ ದ್ವೀಪದಲ್ಲಿ ದೊರೆತಿದೆ. ಅಲ್ಲಿಯ ಶಿಲ್ಲೂರೋಕಾಂಬೋಸ್ ಎಂಬ ನವಶಿಲಾಯುಗದ ನೆಲೆಯಲ್ಲಿ ಸುಮಾರು 9,500 ವರ್ಷಗಳ ಹಿಂದಿನ ಸಮಾಧಿಯೊಂದನ್ನು ಫ್ರೆಂಚ್ ಪುರಾತತ್ತ್ವಜ್ಞರು ಅಗೆದು ತೆಗೆದರು. ಮನುಷ್ಯನ ಅಸ್ಥಿಪಂಜರದಿಂದ ಕೇವಲ 40 ಸೆಂಟಿಮೀಟರ್ ದೂರದಲ್ಲಿ ಎಂಟು ತಿಂಗಳ ಬೆಕ್ಕೊಂದನ್ನು ಹೂಳಲಾಗಿತ್ತು. ಈ ವಿವರ 2004ರಲ್ಲಿ ಪ್ರಕಟವಾಯಿತು. ಸೈಪ್ರಸ್ ದ್ವೀಪದಲ್ಲಿ ಮೂಲತಃ ಬೆಕ್ಕುಗಳೇ ಇರಲಿಲ್ಲ. ಅಂದರೆ ಯಾರೋ ಅದನ್ನು, ಅಥವಾ ಅದರ ಪೂರ್ವಿಕರನ್ನು, ದೋಣಿಯಲ್ಲಿ ಹಾಕಿಕೊಂಡು ಸಮುದ್ರ ದಾಟಿಸಿದ್ದರು. ಹೊಸ ಊರಿಗೆ ಹೊರಟಾಗ ಕಟ್ಟಿಕೊಂಡ ಗಂಟುಮೂಟೆಯಲ್ಲಿ ಬೆಕ್ಕಿಗೂ ಜಾಗ ಸಿಕ್ಕಿತ್ತೆಂದು ಇದರಿಂದ ತಿಳಿದುಬರುತ್ತದೆ.

ಪೂಜೆಯ ಇನ್ನೊಂದು ಮುಖ

ಬೆಕ್ಕಿನ ಚರಿತ್ರೆಯಲ್ಲಿ ಈಜಿಪ್ಟಿನ ಹೆಸರು ಬಾರದೆ ಇರುವುದಿಲ್ಲ. ಪ್ರಾಚೀನ ಈಜಿಪ್ಟಿನ ಭಾಷೆಯಲ್ಲಿ ಬೆಕ್ಕಿಗೆ ‘ಮಿಯು’ ಎಂದೇ ಹೆಸರು. ಫೇರೋ ಮೂರನೆಯ ಅಮೆನ್‌ಹೋಟೆಪನ ಮಗ ಥುಟ್ಮೋಸ್ ತನ್ನ ಮೆಚ್ಚಿನ ಬೆಕ್ಕಿಗಾಗಿ ಕೆತ್ತಿಸಿದ ಸುಣ್ಣಕಲ್ಲಿನ ಶವಪೆಟ್ಟಿಗೆ ಇಂದಿಗೂ ಉಳಿದಿದೆ. ಬುಬಾಸ್ಟಿಸ್ ನಗರದಲ್ಲಿ ಬಾಸ್ಟೆಟ್ ದೇವತೆಗೆ ಭಾರಿ ಜಾತ್ರೆ ನಡೆಯುತ್ತಿತ್ತು. ಮನೆಯ ಬೆಕ್ಕು ಸತ್ತರೆ ಆ ಮನೆಯವರು ಹುಬ್ಬು ಬೋಳಿಸಿಕೊಳ್ಳುತ್ತಿದ್ದರೆಂದು ಗ್ರೀಕ್ ಚರಿತ್ರಕಾರ ಹೆರೊಡೋಟಸ್ ಕ್ರಿಸ್ತಪೂರ್ವ 5ನೇ ಶತಮಾನದಲ್ಲಿ ಬರೆದಿಟ್ಟಿದ್ದಾನೆ. ಬೆಕ್ಕನ್ನು ಕೊಂದ ರೋಮನ್ ಪ್ರಜೆಯೊಬ್ಬನನ್ನು ಉದ್ರಿಕ್ತ ಜನ ಕೊಂದುಹಾಕಿದ್ದನ್ನು ತಾನೇ ಕಂಡೆನೆಂದು ಡಿಯೋಡೋರಸ್ ಹೇಳುತ್ತಾನೆ.

ಇದನ್ನು ಓದಿ ಈಜಿಪ್ಟ್ ಬೆಕ್ಕುಗಳ ಸ್ವರ್ಗವಾಗಿತ್ತೆಂದು ತೀರ್ಮಾನಿಸುವವರು ಬಹಳ. ಆದರೆ ದೇವಾಲಯಗಳಲ್ಲಿ ಹರಕೆಯಾಗಿ ಒಪ್ಪಿಸುತ್ತಿದ್ದ ಬೆಕ್ಕಿನ ಮಮ್ಮಿಗಳನ್ನು ಕ್ಷಕಿರಣದಿಂದ ಪರೀಕ್ಷಿಸಿದಾಗ ಬೇರೊಂದು ಸತ್ಯ ಹೊರಬಿತ್ತು. ಅವುಗಳಲ್ಲಿ ಅನೇಕವು ವರ್ಷ ತುಂಬದ ಮರಿಗಳು. ಹಲವುಗಳ ಕುತ್ತಿಗೆ ಮುರಿಯಲಾಗಿತ್ತು. ಭಕ್ತರಿಗೆ ಮಾರುವುದಕ್ಕಾಗಿಯೇ ಬೆಕ್ಕುಗಳನ್ನು ಸಾಕಿ ಕೊಲ್ಲುತ್ತಿದ್ದರು. ಇಂತಹ ಮಮ್ಮಿಗಳನ್ನು 1890ರಲ್ಲಿ ಹಡಗಿನಲ್ಲಿ ತುಂಬಿ ಇಂಗ್ಲೆಂಡಿನ ಲಿವರ್‌ಪೂಲ್ ಬಂದರಿಗೆ ಟನ್ನುಗಟ್ಟಲೆ ಸಾಗಿಸಿ, ಪುಡಿ ಮಾಡಿ ಹೊಲಗಳಿಗೆ ಗೊಬ್ಬರವಾಗಿ ಮಾರಿದರು. ಬಹಳವಾಗಿ ಪೂಜಿಸುವುದಕ್ಕೂ ಚೆನ್ನಾಗಿ ನೋಡಿಕೊಳ್ಳುವುದಕ್ಕೂ ನಡುವೆ ಎಷ್ಟು ಅಂತರವಿರಬಲ್ಲದೆಂಬುದಕ್ಕೆ ಈ ಮರಿಗಳೇ ಸಾಕ್ಷಿ.

ಅದೇ ಈಜಿಪ್ಟಿನಲ್ಲಿ ಮುಂದೆ ಇನ್ನೊಂದು ಬಗೆಯ ನಡವಳಿಕೆಯನ್ನೂ ಕಾಣುತ್ತೇವೆ. 13ನೇ ಶತಮಾನದಲ್ಲಿ ಆಳಿದ ಸುಲ್ತಾನ್ ಬೈಬರ್ಸ್ ಕೈರೋ ನಗರದ ದಿಕ್ಕಿಲ್ಲದ ಬೆಕ್ಕುಗಳ ಆಹಾರಕ್ಕಾಗಿ ತೋಟವೊಂದನ್ನು ದತ್ತಿಯಾಗಿ ಬಿಟ್ಟನೆಂದು ಪ್ರತೀತಿ. ಇಲ್ಲಿ ಬೆಕ್ಕು ದೇವರಲ್ಲ, ಹಸಿದ ಪ್ರಾಣಿ. ಬೇಕಾದದ್ದು ಎರಡು ಹೊತ್ತಿನ ಊಟ.

ವೇಲ್ಸಿನ ನಾಲ್ಕು ಪೆನ್ನಿ

ಬೆಕ್ಕನ್ನು ಆರಿಸಿಕೊಳ್ಳುವ ವಿಷಯಕ್ಕೆ ಬರೋಣ. ವೇಲ್ಸ್ ಪ್ರಾಂತವನ್ನು 10ನೇ ಶತಮಾನದಲ್ಲಿ ಆಳಿದ ಹೈವೆಲ್ ಎಂಬ ರಾಜನ ಹೆಸರಿನಲ್ಲಿ ಒಂದು ಕಾನೂನು ಸಂಗ್ರಹವಿದೆ. ನಮಗೆ ಸಿಕ್ಕಿರುವ ಹಸ್ತಪ್ರತಿಗಳು 13ನೇ ಶತಮಾನದ್ದು ಮತ್ತು ಅದರ ನಂತರದ್ದು. ಅದರಲ್ಲಿ ಬೆಕ್ಕಿನ ಬೆಲೆ ಹೀಗೆ ನಿಗದಿಯಾಗಿದೆ: ಹುಟ್ಟಿದಾಗಿನಿಂದ ಕಣ್ಣು ಬಿಡುವವರೆಗೆ ಒಂದು ಪೆನ್ನಿ, ಕಣ್ಣು ಬಿಟ್ಟ ಮೇಲೆ ಇಲಿ ಹಿಡಿಯುವವರೆಗೆ ಎರಡು ಪೆನ್ನಿ, ಇಲಿ ಹಿಡಿಯಲು ಕಲಿತ ಮೇಲೆ ನಾಲ್ಕು ಪೆನ್ನಿ.

ಕೊಳ್ಳುವವನು ನೋಡಬೇಕಾದ ಲಕ್ಷಣಗಳನ್ನೂ ಕಾನೂನು ಹೇಳಿತ್ತು. ಬೆಕ್ಕಿಗೆ ಕಣ್ಣು ಕಾಣಬೇಕು, ಕಿವಿ ಕೇಳಬೇಕು, ಉಗುರುಗಳು ಮುರಿದಿರಬಾರದು, ಇಲಿ ಹಿಡಿಯಬೇಕು, ತನ್ನ ಮರಿಗಳನ್ನು ತಿನ್ನದೆ ಸಾಕಬೇಕು. ಮೈಮೇಲೆ ಸುಟ್ಟ ಗುರುತಿರಬಾರದೆಂದು ಇನ್ನೊಂದು ಪಾಠ ಸೇರಿಸುತ್ತದೆ. ಸದಾ ಒಲೆಯ ಪಕ್ಕದಲ್ಲೇ ಬಿದ್ದುಕೊಂಡಿರುವ ಸೋಮಾರಿ ಬೆಕ್ಕನ್ನು ಗುರುತಿಸುವ ಉಪಾಯ ಅದಾಗಿರಬೇಕು! ಈ ಲಕ್ಷಣಗಳಲ್ಲಿ ಯಾವುದಾದರೂ ಇಲ್ಲವೆಂದು ಕಂಡುಬಂದರೆ ಮಾರಿದವನು ಬೆಲೆಯ ಮೂರನೆಯ ಒಂದು ಪಾಲನ್ನು ಹಿಂದಿರುಗಿಸಬೇಕಿತ್ತು.

ರಾಜನ ಕಣಜ ಕಾಯುವ ಬೆಕ್ಕನ್ನು ಕೊಂದವನಿಗೆ ವಿಧಿಸಿದ ದಂಡ ಮತ್ತೂ ಸ್ವಾರಸ್ಯಕರ. ಸತ್ತ ಬೆಕ್ಕಿನ ತಲೆ ನೆಲಕ್ಕೆ ತಾಗುವಂತೆ ಬಾಲ ಹಿಡಿದು ಎತ್ತಬೇಕು; ಬಾಲದ ತುದಿ ಮುಚ್ಚುವವರೆಗೆ ಅದರ ಮೇಲೆ ಗೋಧಿ ಸುರಿಯಬೇಕು; ಆ ರಾಶಿಯೇ ದಂಡ. ಆ ಬೆಕ್ಕು ಬದುಕಿದ್ದಿದ್ದರೆ ಇಲಿಗಳಿಂದ ಉಳಿಸುತ್ತಿದ್ದ ಧಾನ್ಯವನ್ನು ಹೀಗೆ ಕಣ್ಣಿಗೆ ಕಾಣುವಂತೆ ಅಳೆಯುತ್ತಿದ್ದರು. ಒಂದು ಊರೆಂದು ಕರೆಯಿಸಿಕೊಳ್ಳಲು ಒಂಬತ್ತು ಕಟ್ಟಡ, ಒಂದು ನೇಗಿಲು, ಒಂದು ಹೋರಿ, ಒಂದು ಹುಂಜ ಇತ್ಯಾದಿಗಳ ಜೊತೆಗೆ ಒಂದು ಬೆಕ್ಕೂ ಇರಬೇಕೆಂದು ಅದೇ ಕಾನೂನು ಹೇಳುತ್ತದೆ. ಗಂಡಹೆಂಡಿರು ಬೇರೆಯಾದರೆ ಒಂದು ಬೆಕ್ಕು ಗಂಡನಿಗೆ, ಉಳಿದವು ಹೆಂಡತಿಗೆ!

ಇಂಗ್ಲೆಂಡಿನ ಎಕ್ಸೆಟರ್ ನಗರದ ಮಹಾ ಇಗರ್ಜಿಯ ಲೆಕ್ಕಪತ್ರಗಳಲ್ಲಿ 14 ಮತ್ತು 15ನೇ ಶತಮಾನಗಳಲ್ಲಿ ಬೆಕ್ಕಿನ ಖರ್ಚಿಗೆಂದು ವಾರಕ್ಕೊಂದು ಪೆನ್ನಿ ಬರೆದದ್ದು ಸಿಗುತ್ತದೆ. 1598ರಲ್ಲಿ ಅಲ್ಲಿಯ ಬಾಗಿಲೊಂದರಲ್ಲಿ ಬೆಕ್ಕು ನುಸುಳಲು ದುಂಡನೆಯ ಕಿಂಡಿ ಕೊರೆಸಲಾಯಿತು. ಆ ಕಿಂಡಿ ಇಂದಿಗೂ ಇದೆ. ಬೆಕ್ಕಿಗಾಗಿ ಕಟ್ಟಡವನ್ನು ಅಣಿಗೊಳಿಸಿದ ಒಂದು ಹಳೆಯ ದಾಖಲೆ ಇದೆನ್ನಬಹುದು.

ಚೀನಾದ ಉಪ್ಪು, ಮೀನು ಮತ್ತು ಕರಾರುಪತ್ರ

ಚೀನಾದಲ್ಲಿ ಸುಮಾರು 5,300 ವರ್ಷಗಳ ಹಿಂದೆಯೇ ಕೃಷಿಕರ ಹಳ್ಳಿಗಳ ಸುತ್ತ ಬೆಕ್ಕಿನ ಜಾತಿಯ ಪ್ರಾಣಿ ಸುಳಿದಾಡುತ್ತಿತ್ತು. ಆದರೆ ಅದು ಚಿರತೆ ಬೆಕ್ಕೆಂಬ ಬೇರೆಯೇ ಕಾಡುಪ್ರಾಣಿ. ಅದು ಮನೆಯ ಪ್ರಾಣಿಯಾಗಲಿಲ್ಲ. ಇಂದಿನ ಸಾಕುಬೆಕ್ಕು ಕ್ರಿ.ಶ. 8ನೇ ಶತಮಾನದ ಹೊತ್ತಿಗೆ ರೇಷ್ಮೆ ಮಾರ್ಗದ ವರ್ತಕರೊಡನೆ ಅಲ್ಲಿಗೆ ಬಂತೆಂದು 2025ರಲ್ಲಿ ಪ್ರಕಟವಾದ ಸಂಶೋಧನೆ ತಿಳಿಸುತ್ತದೆ. ಮುಂದಿನ ಮುನ್ನೂರು ವರ್ಷಗಳಲ್ಲಿ, ಸಾಂಗ್ ರಾಜವಂಶದ ಕಾಲಕ್ಕೆ, ಬೆಕ್ಕು ನಗರದ ಮನೆಗಳಲ್ಲಿ ಚೆನ್ನಾಗಿ ಬೇರೂರಿತ್ತು.

ಆ ಕಾಲದ ಪದ್ಧತಿಯನ್ನು ಗಮನಿಸಿ. ಬೆಕ್ಕಿನ ಮರಿಯನ್ನು ಸುಮ್ಮನೆ ಎತ್ತಿಕೊಂಡು ಬರುವಂತಿರಲಿಲ್ಲ. ಮರಿಯ ಒಡೆಯನಿಗೆ ಉಪ್ಪಿನ ಪೊಟ್ಟಣವನ್ನೋ, ತಾಯಿ ಬೆಕ್ಕಿಗೆ ಮೀನನ್ನೋ ಕೊಟ್ಟು ಮರಿಯನ್ನು ಕೇಳಿ ತರಬೇಕು. ಹೆಣ್ಣು ಗೊತ್ತುಮಾಡುವಾಗ ಬಳಸುವ ಮಾತನ್ನೇ ಇದಕ್ಕೂ ಬಳಸುತ್ತಿದ್ದರು. ಹುವಾಂಗ್ ತಿಂಗ್‌ಜಿಯಾನ್ (1045–1105) ಎಂಬ ಕವಿ ಮೀನು ಕೊಟ್ಟು ಮರಿಯನ್ನು ಕೇಳುವ ವಿಷಯವಾಗಿ ಪದ್ಯ ಬರೆದಿದ್ದಾನೆ. ಲು ಯು (1125–1210) ಎಂಬ ಇನ್ನೊಬ್ಬ ಕವಿ ಉಪ್ಪು ಕೊಟ್ಟು ಮರಿಯನ್ನು ತಂದ. ಅವನ ಮನೆಯಲ್ಲಿ ಕಾಯಬೇಕಾದ ಸಂಪತ್ತೆಂದರೆ ಪುಸ್ತಕಗಳು. ಬೆಕ್ಕು ಅವನ್ನು ಇಲಿಗಳಿಂದ ಕಾಪಾಡಿತು. ಆದರೆ ತನ್ನ ಬಡತನದಲ್ಲಿ ಅದಕ್ಕೆ ಬೆಚ್ಚನೆಯ ಹಾಸನ್ನೂ ಮೀನಿನ ಊಟವನ್ನೂ ಕೊಡಲಾಗಲಿಲ್ಲವಲ್ಲ ಎಂದು ಕವಿ ನಾಚಿಕೊಳ್ಳುತ್ತಾನೆ. ಬೆಕ್ಕಿಗೆ ನಾನೇನು ಕೊಟ್ಟೆ ಎಂಬ ಪ್ರಶ್ನೆಯನ್ನು ಎಂಟು ನೂರು ವರ್ಷಗಳ ಹಿಂದೆಯೇ ಒಬ್ಬ ಸಾಕಿದವನು ಕೇಳಿಕೊಂಡಿದ್ದ.

ಕರಾರುಪತ್ರ ಬಂದದ್ದು ಇದೇ ಪರಂಪರೆಯಲ್ಲಿ. ಹಾಳೆಯ ಮಧ್ಯದಲ್ಲಿ ಬೆಕ್ಕಿನ ಚಿತ್ರ, ಸುತ್ತಲೂ ಬರವಣಿಗೆ. ಮಾರಿದವರು ಯಾರು, ಕೊಂಡವರು ಯಾರು, ಬೆಲೆ ಎಷ್ಟು ಎಂಬ ವಿವರಗಳು. ಬಳಿಕ ಬೆಕ್ಕಿನ ಕರ್ತವ್ಯಗಳು: ಬೇಸರಿಸದೆ ಇಲಿ ಹಿಡಿಯಬೇಕು, ಮನೆಯ ಕೋಳಿ ಮುಂತಾದ ಪ್ರಾಣಿಗಳಿಗೆ ತೊಂದರೆ ಕೊಡಬಾರದು, ಅಡುಗೆಮನೆಯಲ್ಲಿ ಕದ್ದು ತಿನ್ನಬಾರದು, ಮನೆ ಬಿಟ್ಟು ಓಡಿಹೋಗಬಾರದು. ಸಾಕ್ಷಿಗಳು ಯಾರು ಗೊತ್ತೆ? ಪೂರ್ವ ಮತ್ತು ಪಶ್ಚಿಮ ದಿಕ್ಕಿನ ದೇವತೆಗಳು! ಬೌದ್ಧ ಗ್ರಂಥಗಳನ್ನು ಇಲಿಗಳಿಂದ ಕಾಯಲು ಬೆಕ್ಕನ್ನು ಪಶ್ಚಿಮದ ಪುಣ್ಯಭೂಮಿಯಿಂದ, ಎಂದರೆ ನಮ್ಮ ಭಾರತದಿಂದ, ಯಾತ್ರಿಕ ಭಿಕ್ಷು ತಂದನೆಂಬ ನಂಬಿಕೆಯೂ ಆ ಪತ್ರದಲ್ಲಿ ಸೇರಿಕೊಂಡಿದೆ.

ಮರಿಯನ್ನು ಮನೆಗೆ ತರುವ ವಿಧಾನವೂ ಪಂಚಾಂಗದ ಪುಸ್ತಕದಲ್ಲಿತ್ತು. ಮರಿಯನ್ನು ಬಟ್ಟೆಯ ಚೀಲದಲ್ಲಿಟ್ಟು ಮರದ ಬಕೆಟ್ಟಿನೊಳಗೆ ಇಡಬೇಕು. ಅದು ಹುಟ್ಟಿದ ಮನೆಯಿಂದ ಊಟದ ಕಡ್ಡಿಯೊಂದನ್ನು ಬೇಡಿ ತಂದು ಜೊತೆಯಲ್ಲಿ ಹಾಕಬೇಕು. ಹೊಸ ಮನೆಯಲ್ಲಿ ಮೊದಲು ಒಲೆಗೂ ಮನೆಯ ನಾಯಿಗೂ ಅದರಿಂದ ನಮಸ್ಕಾರ ಮಾಡಿಸಬೇಕು. ಆ ಕಡ್ಡಿಯನ್ನು ಮಣ್ಣಿನ ಗುಡ್ಡೆಗೆ ಚುಚ್ಚಬೇಕು. ಆಗ ಅದು ಮನೆಯೊಳಗೆ ಹೊಲಸು ಮಾಡುವುದಿಲ್ಲ. ಆಮೇಲೆ ಹಾಸಿಗೆಯ ಮೇಲೆ ಮಲಗಲು ಬಿಟ್ಟರೆ ಅದು ಓಡಿಹೋಗುವುದಿಲ್ಲ.

ಇದನ್ನು ಮೂಢನಂಬಿಕೆ ಎಂದು ನಗುವ ಮೊದಲು ಸ್ವಲ್ಪ ಯೋಚಿಸಿ. ಮುಚ್ಚಿದ ಬುಟ್ಟಿಯಲ್ಲಿ ತರುವುದು, ಹಳೆಯ ಮನೆಯ ವಾಸನೆಯಿರುವ ವಸ್ತುವೊಂದನ್ನು ಜೊತೆಗಿಡುವುದು, ಮನೆಯ ಇತರ ಪ್ರಾಣಿಗಳಿಗೆ ಕ್ರಮವಾಗಿ ಪರಿಚಯಿಸುವುದು, ಮಲವಿಸರ್ಜನೆಗೆ ಮಣ್ಣಿನ ಜಾಗ ತೋರಿಸುವುದು, ಮಲಗಲು ಬೆಚ್ಚನೆಯ ಸ್ಥಳ ಕೊಡುವುದು — ಇಂದಿನ ಪಶುವೈದ್ಯರು ಹೊಸ ಬೆಕ್ಕು ತರುವವರಿಗೆ ಹೇಳುವುದು ಇದನ್ನೇ. ಬೆಕ್ಕಿಗೆ ಜಾಗದ ನಂಟು ಬಹಳ ಬಲವಾದದ್ದು. ಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬಂದ ಬೆಕ್ಕು ಎರಡು ದಿನದಲ್ಲಿ ಹಿತ್ತಿಲಿಗೆ ಮರಳಿದ ಕಥೆ ನಮ್ಮ ಹಳ್ಳಿಗಳಲ್ಲಿಯೂ ಹೊಸದಲ್ಲ. ಶಾಸ್ತ್ರದ ಹೊದಿಕೆಯೊಳಗೆ ಅನುಭವದ ತಿಳಿವಳಿಕೆ ಅಡಗಿತ್ತು.

ಆದರೆ ಅಂದಕ್ಕಾಗಿ ಬೆಕ್ಕು ಸಾಕುವ ಷೋಕಿಯೂ ಆಗಲೇ ಕಾಲಿಟ್ಟಿತ್ತು. ರಾಜಧಾನಿ ಲಿನ್ಆನ್ ನಗರದ ಶ್ರೀಮಂತರು ಇಲಿ ಹಿಡಿಯದ, ಉದ್ದ ಕೂದಲಿನ ‘ಸಿಂಹ ಬೆಕ್ಕು’ಗಳನ್ನು ಇಟ್ಟುಕೊಳ್ಳುತ್ತಿದ್ದರು. ಪ್ರಭಾವಿ ಮಂತ್ರಿ ಚಿನ್ ಹುಯಿಯ ಮೊಮ್ಮಗಳ ಸಿಂಹ ಬೆಕ್ಕು ಒಮ್ಮೆ ಕಳೆದುಹೋಯಿತು. ನಗರದ ಆಡಳಿತವೆಲ್ಲ ಹುಡುಕಾಟಕ್ಕೆ ಇಳಿಯಿತು. ನೆರೆಹೊರೆಯವರನ್ನು ಹಿಡಿದರು, ಊರಲ್ಲಿದ್ದ ಸಿಂಹ ಬೆಕ್ಕುಗಳನ್ನೆಲ್ಲ ತಂದು ಒಡ್ಡಿದರು, ಚಹಾದ ಅಂಗಡಿಗಳಲ್ಲಿ ಬೆಕ್ಕಿನ ಚಿತ್ರ ಅಂಟಿಸಿದರು. ಬೆಕ್ಕು ಮಾತ್ರ ಸಿಗಲೇ ಇಲ್ಲ. ಈ ಪ್ರಸಂಗವನ್ನು ಬರೆದಿಟ್ಟವನು ಅದೇ ಬಡ ಕವಿ ಲು ಯು.

ಹಗ್ಗ ಬಿಚ್ಚಿದ ಆಜ್ಞೆ

ಜಪಾನಿನಲ್ಲಿ ಬೆಕ್ಕು ಅರಮನೆಯ ಅಪರೂಪದ ವಸ್ತುವಾಗಿತ್ತು. ಉಡಾ ಚಕ್ರವರ್ತಿ 889ರಲ್ಲಿ ತನ್ನ ದಿನಚರಿಯಲ್ಲಿ ಕಪ್ಪು ಬೆಕ್ಕೊಂದನ್ನು ಬಹಳ ಅಕ್ಕರೆಯಿಂದ ವರ್ಣಿಸಿದ್ದಾನೆ. ಅದಕ್ಕೆ ದಿನವೂ ಹಾಲಿನ ಗಂಜಿ ಕೊಡುತ್ತಿದ್ದನಂತೆ. ಅಮೂಲ್ಯವಾದದ್ದರಿಂದ ಬೆಕ್ಕುಗಳನ್ನು ಹಗ್ಗ ಕಟ್ಟಿ ಸಾಕುವ ರೂಢಿ ಬೆಳೆಯಿತು. ಅತ್ತ ಇಲಿಗಳ ಕಾಟ ಹೆಚ್ಚಿತು. ಕೊನೆಗೆ 1602ರಲ್ಲಿ ಕ್ಯೋಟೋ ನಗರದಲ್ಲಿ, ಬೆಕ್ಕುಗಳ ಹಗ್ಗ ಬಿಚ್ಚಬೇಕು, ಅವುಗಳನ್ನು ಕೊಂಡು ಮಾರಬಾರದು ಎಂದು ಆಜ್ಞೆ ಹೊರಡಿಸಲಾಯಿತು.

ಯೂರೋಪಿನಲ್ಲಿ ಇದಕ್ಕೆ ವಿರುದ್ಧವಾದ ಗಾಳಿಯೂ ಬೀಸಿತ್ತು. 1233ರಲ್ಲಿ ಪೋಪ್ ಒಂಬತ್ತನೆಯ ಗ್ರೆಗರಿ ಹೊರಡಿಸಿದ ಪತ್ರವೊಂದು ಧರ್ಮವಿರೋಧಿಗಳ ಗುಪ್ತ ಆಚರಣೆಯಲ್ಲಿ ಕಪ್ಪು ಬೆಕ್ಕು ಬರುತ್ತದೆಂದು ವರ್ಣಿಸಿತು. ಮುಂದೆ ಮಾಟಗಾತಿಯರೆಂದು ಹೆಂಗಸರನ್ನು ಹಿಂಸಿಸಿದ ಕಾಲದಲ್ಲಿ ಬೆಕ್ಕಿನ ಹೆಸರೂ ಕೆಟ್ಟಿತು. ಜನ ಬೆಕ್ಕುಗಳನ್ನೆಲ್ಲ ಕೊಂದುದರಿಂದಲೇ 1347ರ ಮಹಾಮಾರಿ ಹರಡಿತೆಂದು ಕೆಲವರು ಹೇಳುವುದುಂಟು. ಇದಕ್ಕೆ ಗಟ್ಟಿಯಾದ ಆಧಾರವಿಲ್ಲ. ಬೆಕ್ಕಿಗೂ ಪ್ಲೇಗ್ ತಗುಲುತ್ತದೆ ಎಂಬುದನ್ನೂ ಮರೆಯಬಾರದು. ಕೇಳಲು ಚೆನ್ನಾಗಿರುವ ಕಥೆಯನ್ನೆಲ್ಲ ಚರಿತ್ರೆ ಎನ್ನಲಾಗದು.

ನಮ್ಮ ನಾಡಿನ ಅನುಭವವೂ ಇಲ್ಲಿ ಸೇರುತ್ತದೆ. 1896ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ 1898ರಲ್ಲಿ ಬೆಂಗಳೂರನ್ನು ತಟ್ಟಿತು. ಇಕ್ಕಟ್ಟಾದ ಪೇಟೆಯಿಂದ ಹೊರಗೆ ಗಾಳಿ ಬೆಳಕಿನ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಮೈದಾಳಿದ್ದು ಆ ಭೀತಿಯ ಹಿನ್ನೆಲೆಯಲ್ಲಿ. ಅದೇ 1898ರಲ್ಲಿ ಕರಾಚಿಯಲ್ಲಿ ಪಾಲ್ ಲೂಯಿ ಸಿಮೋನ್ ಎಂಬ ಫ್ರೆಂಚ್ ವೈದ್ಯ, ಇಲಿಯಿಂದ ಮನುಷ್ಯನಿಗೆ ಪ್ಲೇಗ್ ದಾಟಿಸುವುದು ಚಿಗಟವೆಂದು ಕಂಡುಹಿಡಿದ. ಇಲಿಯನ್ನು ದೂರವಿಡುವ ಬೆಕ್ಕಿನ ಕೆಲಸಕ್ಕೆ ಆಗ ಹೊಸ ಅರ್ಥ ಬಂತು.

ನಮ್ಮ ಬೆಕ್ಕು, ನಮ್ಮ ಮಾತು

ನಮ್ಮ ಸಾಹಿತ್ಯ ಮತ್ತು ಶಿಲ್ಪದಲ್ಲಿ ಬೆಕ್ಕಿಗೆ ಎರಡು ಮುಖ. ಮಹಾಭಾರತದ ಉದ್ಯೋಗಪರ್ವದಲ್ಲಿ ತಪಸ್ವಿಯ ವೇಷ ಹಾಕಿ ಇಲಿಗಳನ್ನು ನಂಬಿಸಿ ತಿನ್ನುವ ಬೆಕ್ಕಿನ ಕಥೆ ಇದೆ. ಮಹಾಬಲಿಪುರದಲ್ಲಿ 7ನೇ ಶತಮಾನದ ಪಲ್ಲವ ಶಿಲ್ಪಿಗಳು ನಿಂತು ತಪಸ್ಸು ಮಾಡುವ ಬೆಕ್ಕನ್ನು ಬಂಡೆಯಲ್ಲಿ ಕೆತ್ತಿದ್ದಾರೆ. ಇದು ಕಪಟದ ಮುಖ. ಇನ್ನೊಂದು ಮಮತೆಯ ಮುಖ. ಶ್ರೀವೈಷ್ಣವ ಪರಂಪರೆಯಲ್ಲಿ ‘ಮಾರ್ಜಾಲಕಿಶೋರ ನ್ಯಾಯ’ ಎಂಬ ಮಾತಿದೆ. ತಾಯಿ ಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿಕೊಂಡು ಒಯ್ಯುವಾಗ ಮರಿ ತನ್ನ ಕಡೆಯಿಂದ ಏನನ್ನೂ ಮಾಡುವುದಿಲ್ಲ, ಪೂರ್ತಿಯಾಗಿ ತಾಯಿಯನ್ನು ನಂಬಿರುತ್ತದೆ. ಶರಣಾಗತಿಗೆ ಇದು ಹೋಲಿಕೆ. ಬೆಕ್ಕು ಅಡ್ಡ ಬಂದರೆ ಅಪಶಕುನವೆಂದು ಹಿಂದಿರುಗುವವರು ಈ ಎರಡನೆಯ ಮುಖವನ್ನೂ ನೆನೆಯಬೇಕು.

ತೆನಾಲಿ ರಾಮಕೃಷ್ಣನ ಬೆಕ್ಕಿನ ಕಥೆ ನಿಮಗೆಲ್ಲ ಗೊತ್ತು. ಇಲಿಗಳ ಕಾಟಕ್ಕಾಗಿ ಕೃಷ್ಣದೇವರಾಯ ಮನೆಮನೆಗೆ ಬೆಕ್ಕನ್ನೂ ಅದರ ಹಾಲಿಗಾಗಿ ಹಸುವನ್ನೂ ಹಂಚಿದ. ರಾಮಕೃಷ್ಣ ಮೊದಲ ದಿನವೇ ಕುದಿಯುವ ಹಾಲಿಟ್ಟು ಬೆಕ್ಕು ಹಾಲಿಗೆ ಹೆದರುವಂತೆ ಮಾಡಿದ. ಇದು ಜನಪದರ ಕಥೆ. ಆದರೆ ಅದರೊಳಗೆ ನಾವೆಲ್ಲ ನಂಬಿರುವ ಒಂದು ಮಾತಿದೆ: ಬೆಕ್ಕಿಗೆ ಬೇಕಾದದ್ದು ಹಾಲು. ಈ ನಂಬಿಕೆಯನ್ನು ವಿಜ್ಞಾನ ತಿದ್ದಿದೆ. ಬೆಳೆದ ಬೆಕ್ಕುಗಳಲ್ಲಿ ಅನೇಕಕ್ಕೆ ಹಾಲಿನ ಸಕ್ಕರೆ ಜೀರ್ಣವಾಗುವುದಿಲ್ಲ, ಹೊಟ್ಟೆ ಕೆಡುತ್ತದೆ. ಅದಕ್ಕಿಂತ ಮುಖ್ಯವಾದುದು ಮಾಂಸದಲ್ಲಿರುವ ಟಾರಿನ್ ಎಂಬ ಪೋಷಕಾಂಶ. ಅದು ಸಿಗದಿದ್ದರೆ ಬೆಕ್ಕಿನ ಕಣ್ಣಿನ ಅಕ್ಷಿಪಟ ಹಾಳಾಗುತ್ತದೆಂದು 1975ರಲ್ಲಿಯೂ, ಹೃದಯ ದುರ್ಬಲವಾಗುತ್ತದೆಂದು 1987ರಲ್ಲಿಯೂ ಸಂಶೋಧಕರು ತೋರಿಸಿಕೊಟ್ಟರು.

ನಮ್ಮ ಸಸ್ಯಾಹಾರಿ ಮನೆಗಳಲ್ಲಿ ತಲೆಮಾರುಗಳಿಂದ ಹಾಲು ಅನ್ನ, ಮೊಸರನ್ನ ಹಾಕಿಯೇ ಬೆಕ್ಕು ಬದುಕಲಿಲ್ಲವೇ ಎಂದು ನೀವು ಕೇಳಬಹುದು. ಬದುಕಿತು, ಏಕೆಂದರೆ ಅದು ಅಟ್ಟದಲ್ಲಿ, ಹಿತ್ತಿಲಲ್ಲಿ, ಗದ್ದೆಯಲ್ಲಿ ಇಲಿ ಹಿಡಿದು ತಿನ್ನುತ್ತಿತ್ತು. ಮನೆಯವರು ಕೊಟ್ಟದ್ದು ಉಪಾಹಾರ ಮಾತ್ರ. ಇಂದು ನಗರದ ಮೂರನೆಯ ಮಹಡಿಯ ಮನೆಯಲ್ಲಿ ಕೂಡಿಟ್ಟ ಬೆಕ್ಕಿಗೆ ಆ ದಾರಿ ಮುಚ್ಚಿದೆ. ಆದ್ದರಿಂದ ಬೆಕ್ಕಿನ ಆಹಾರ ನಮ್ಮ ಮನೆಯಲ್ಲಿ ಒಪ್ಪಿಗೆಯಾಗುತ್ತದೆಯೇ ಎಂಬುದನ್ನು ಮರಿ ತರುವ ಮೊದಲೇ ಹಿರಿಯರೊಡನೆ ಕುಳಿತು ತೀರ್ಮಾನಿಸಬೇಕು. ಒಪ್ಪಿಗೆಯಾಗದಿದ್ದರೆ ತರದಿರುವುದೇ ಬೆಕ್ಕಿಗೆ ತೋರುವ ದಯೆ.

ಅಂದದ ಬೆಲೆ

1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸಿನಲ್ಲಿ ಹ್ಯಾರಿಸನ್ ವಿಯರ್ ಎಂಬ ಚಿತ್ರಕಾರ ದೊಡ್ಡ ಬೆಕ್ಕಿನ ಪ್ರದರ್ಶನವೊಂದನ್ನು ಏರ್ಪಡಿಸಿದ. ಜನ ಬೆಕ್ಕನ್ನು ಗೌರವದಿಂದ ಕಾಣಲೆಂಬುದು ಅವನ ಆಶಯ. ಆದರೆ ಪ್ರದರ್ಶನಗಳ ಜೊತೆಗೆ ತಳಿಗಳ ಪೈಪೋಟಿ ಬೆಳೆಯಿತು. ವೇಲ್ಸಿನ ಕಾನೂನು ಕಣ್ಣು, ಕಿವಿ, ಉಗುರು ನೋಡಿತ್ತು. ಹೊಸ ಕಾಲ ಮುಖದ ಆಕಾರ ನೋಡತೊಡಗಿತು. ಚಪ್ಪಟೆ ಮೂತಿಯ ಪರ್ಷಿಯನ್ ಬೆಕ್ಕುಗಳಲ್ಲಿ ಅನೇಕಕ್ಕೆ ಉಸಿರಾಟದ, ಕಣ್ಣೀರಿನ ತೊಂದರೆ. 1961ರಲ್ಲಿ ಸ್ಕಾಟ್ಲೆಂಡಿನಲ್ಲಿ ಕಂಡ ಮಡಿಸಿದ ಕಿವಿಯ ಬೆಕ್ಕಿನಿಂದ ಒಂದು ತಳಿಯನ್ನೇ ಬೆಳೆಸಿದರು. ಕಿವಿಯನ್ನು ಮಡಿಸುವ ಅದೇ ಜೀನ್ ಮೂಳೆಯ ಕೀಲುಗಳ ಮೃದ್ವಸ್ಥಿಯನ್ನೂ ಕೆಡಿಸುತ್ತದೆಂದು ಬಳಿಕ ತಿಳಿಯಿತು. ನೋಡುವವರಿಗೆ ಮುದ್ದು, ಬೆಕ್ಕಿಗೆ ಜೀವಮಾನದ ನೋವು. ನಮ್ಮ ಬೀದಿಯ ಸಾಮಾನ್ಯ ಬೆಕ್ಕು ಈ ಹವೆಗೆ ಒಗ್ಗಿದ್ದು. ಚಿತ್ರದಲ್ಲಿ ಕಂಡ ಮುಖಕ್ಕಾಗಿ ಸಾವಿರಾರು ರೂಪಾಯಿ ಚೆಲ್ಲುವ ಅಗತ್ಯವಿಲ್ಲ.

ಮರಿಯನ್ನು ಆರಿಸುವ ಬಗೆಗೂ ವಿಜ್ಞಾನ ತಿಳಿಸಿದೆ. ಹುಟ್ಟಿದ ಎರಡನೆಯ ವಾರದಿಂದ ಏಳನೆಯ ವಾರದವರೆಗೆ ಮನುಷ್ಯರ ಕೈಯ ಸ್ಪರ್ಶ ಕಂಡ ಮರಿ ಮುಂದೆ ಜನರೊಡನೆ ಹೊಂದಿಕೊಳ್ಳುತ್ತದೆಂದು 1980ರ ದಶಕದಲ್ಲಿ ಅಮೆರಿಕದ ಅಧ್ಯಯನಗಳು ತೋರಿಸಿದವು. ಆದರೆ ಎಂಟು ವಾರ ತುಂಬುವ ಮೊದಲು ಮರಿಯನ್ನು ತಾಯಿಯಿಂದ ಬೇರೆ ಮಾಡಬಾರದು. ಕಣ್ಣು, ಮೂಗು, ಕಿವಿ ಶುಭ್ರವಾಗಿವೆಯೇ, ಚೆನ್ನಾಗಿ ತಿನ್ನುತ್ತದೆಯೇ, ಕೈ ನೀಡಿದರೆ ಹತ್ತಿರ ಬರುತ್ತದೆಯೇ ಎಂದು ನೋಡಿ. ವೇಲ್ಸಿನ ರೈತ ನೋಡಿದ್ದೂ ಬಹುಮಟ್ಟಿಗೆ ಇದನ್ನೇ.

ಕರಾರಿನ ಇನ್ನೊಂದು ಪುಟ

ಮಿತ್ರರೇ, ಚೀನಾದ ಪತ್ರದಲ್ಲಿ ಬೆಕ್ಕಿನ ಕರ್ತವ್ಯಗಳಿದ್ದವು; ಮನುಷ್ಯನ ಕರ್ತವ್ಯಗಳಿರಲಿಲ್ಲ. ಬೆಕ್ಕು ಓಡಿಹೋಗಬಾರದೆಂದು ಬರೆದರು, ಮನುಷ್ಯ ಅದನ್ನು ಬಿಟ್ಟುಹೋಗಬಾರದೆಂದು ಬರೆಯಲಿಲ್ಲ. ಆ ಪುಟವನ್ನು ಬರೆಯುವ ಕೆಲಸ ನಮ್ಮ ಕಾಲಕ್ಕೆ ಉಳಿದಿದೆ. ಸ್ವಲ್ಪಮಟ್ಟಿಗೆ ನಮ್ಮ ದೇಶದ ಕಾನೂನು ಅದನ್ನು ಬರೆದಿದೆ. ಹಸಿವು ಬಾಯಾರಿಕೆಯಿಂದ ನರಳುವಂತಹ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಪ್ರಾಣಿಹಿಂಸೆ ತಡೆ ಕಾಯಿದೆಯ 11ನೇ ಸೆಕ್ಷನ್ ಪ್ರಕಾರ ಅಪರಾಧ. 1976ರ ತಿದ್ದುಪಡಿಯಿಂದ ಸಂವಿಧಾನಕ್ಕೆ ಸೇರಿದ ಮೂಲಭೂತ ಕರ್ತವ್ಯಗಳಲ್ಲಿ ಜೀವಿಗಳ ಮೇಲೆ ಅನುಕಂಪ ತೋರುವುದೂ ಒಂದು.

ಉಳಿದದ್ದನ್ನು ನೀವೇ ಬರೆಯಿರಿ. ಮರಿ ಬರುವ ಮೊದಲು ಒಂದು ಹಾಳೆ ತೆಗೆದುಕೊಂಡು ಮನೆಯವರೆಲ್ಲ ಸೇರಿ ತುಂಬಬಹುದಾದ ಅಂಶಗಳು ಇವು. ಮೊದಲ ಕೆಲವು ದಿನ ಅದಕ್ಕೆ ಒಂದೇ ಕೋಣೆ, ಅಡಗಿಕೊಳ್ಳಲು ಒಂದು ರಟ್ಟಿನ ಪೆಟ್ಟಿಗೆ, ಹಳೆಯ ಮನೆಯ ವಾಸನೆಯ ಒಂದು ಬಟ್ಟೆ. ಮಲವಿಸರ್ಜನೆಗೆ ಮರಳಿನ ತಟ್ಟೆ, ಅದು ಊಟದ ಜಾಗದಿಂದ ದೂರದಲ್ಲಿ. ದಿನವೂ ಅದನ್ನು ಶುಚಿ ಮಾಡುವವರ ಹೆಸರು. 1947ರಲ್ಲಿ ಅಮೆರಿಕದ ಎಡ್ವರ್ಡ್ ಲೋ ಜೇಡಿಮಣ್ಣಿನ ಹರಳನ್ನು ಇದಕ್ಕಾಗಿ ಮಾರತೊಡಗುವವರೆಗೆ ಎಲ್ಲರೂ ಬಳಸುತ್ತಿದ್ದುದು ಮರಳು, ಮಣ್ಣು, ಬೂದಿಯೇ. ಅದಕ್ಕೆ ಹೆಚ್ಚಿನ ಖರ್ಚೇನೂ ಬೇಕಿಲ್ಲ. ಕಿಟಕಿ, ಬಾಲ್ಕನಿಗಳಿಗೆ ಜಾಲರಿ. ಪಶುವೈದ್ಯರಿಂದ ತಪಾಸಣೆ, ಜಂತುಹುಳದ ಔಷಧಿ, ರೇಬಿಸ್ ಸೇರಿದಂತೆ ಲಸಿಕೆಗಳು, ಸಕಾಲದಲ್ಲಿ ಸಂತಾನಹರಣ ಶಸ್ತ್ರಚಿಕಿತ್ಸೆ. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸೋಪು ನೀರಿನಿಂದ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗುವುದು. ರೇಬಿಸ್ ನಾಯಿಯಿಂದ ಮಾತ್ರ ಬರುತ್ತದೆಂಬ ತಪ್ಪು ತಿಳಿವಳಿಕೆ ಪ್ರಾಣಕ್ಕೇ ಎರವಾಗಬಲ್ಲದು.

ಕಡೆಯದಾಗಿ ಅತ್ಯಂತ ಕಠಿಣವಾದ ಅಂಶ. ಚೆನ್ನಾಗಿ ನೋಡಿಕೊಂಡ ಬೆಕ್ಕು ಹದಿನೈದು ವರ್ಷ ಬದುಕಬಲ್ಲದು. ಇಂದು ಹೈಸ್ಕೂಲಿನಲ್ಲಿರುವ ನೀವು ಆ ಹೊತ್ತಿಗೆ ಕಾಲೇಜು ಮುಗಿಸಿ, ಉದ್ಯೋಗ ಹಿಡಿದು, ಬೇರೆ ಊರಿನಲ್ಲಿರಬಹುದು. ಹಾಸ್ಟೆಲಿಗೆ ಹೊರಟ ದಿನ ಬೆಕ್ಕಿನ ಹೊಣೆ ಯಾರದು? ಬೇಸಿಗೆ ರಜೆಯಲ್ಲಿ ಮನೆಗೆ ಬೀಗ ಹಾಕಿದಾಗ ಅನ್ನ ನೀರು ಇಡುವವರು ಯಾರು? ಈ ಎರಡು ಪ್ರಶ್ನೆಗಳ ಮುಂದೆ ಒಬ್ಬೊಬ್ಬರ ಹೆಸರು ಬರೆದು, ಆ ಹೆಸರಿನವರಿಂದಲೇ ಸಹಿ ಹಾಕಿಸಿ. ಆಮೇಲೆ ಉಪ್ಪನ್ನೋ ಮೀನನ್ನೋ ತೆಗೆದುಕೊಂಡು ಮರಿಯನ್ನು ಕೇಳಲು ಹೊರಡಬಹುದು.